ಕಥಕನ ಮುನಿಸು, ಕೇಳುಗನ ತೀರ್ಪು: ‘ಬ್ಲಡ್ ಕ್ಯಾಂಟಿಕಲ್’ ವಿವಾದದ ವಿಮರ್ಶೆ

ಕಾವ್ಯದ ಗುಣದೋಷಗಳಿಗೆ ಸಹೃದಯನ ಹೃದಯವೇ ಒರೆಗಲ್ಲೆಂಬುದು ಭಾರತೀಯ ಕಾವ್ಯಮೀಮಾಂಸೆಯಲ್ಲಿ ಬಹುಕಾಲದಿಂದ ನೆಲೆನಿಂತ ಮತ. ಆದರೆ ಸಹೃದಯನೆಂದು ಯಾರನ್ನು ಕರೆಯಬೇಕು? ಶಾಸ್ತ್ರಪರಿಶ್ರಮವುಳ್ಳ ಪಂಡಿತನನ್ನು ಮಾತ್ರವೋ, ಒಂದು ಕಥೆಯನ್ನು ಮನಸಾರೆ ಪ್ರೀತಿಸಿ ಅದರ ಸಂಪುಟಗಳನ್ನು ಮತ್ತೆ ಮತ್ತೆ ಓದಿದ ಸಾಮಾನ್ಯ ವಾಚಕನನ್ನೂ ಆ ಹೆಸರಿನಿಂದ ಕರೆಯಬಹುದೋ? ಅಂಥ ವಾಚಕನು ಮುಂದಿನ ಸಂಪುಟವನ್ನು ಕಂಡು ಮುನಿದರೆ ಅದು ವಿಮರ್ಶೆಯೋ, ಬರಿಯ ಹಟವೋ? ಅಮೆರಿಕೆಯ ಕಾದಂಬರಿಗಾರ್ತಿ ಆನ್ ರೈಸ್ ಅವರ ‘ಬ್ಲಡ್ ಕ್ಯಾಂಟಿಕಲ್’ ಎಂಬ ಕೃತಿಯ ಸುತ್ತ 2003–04ರಲ್ಲಿ ಎದ್ದ ವಿವಾದವು ಈ ಪ್ರಶ್ನೆಗಳನ್ನು ಬಹು ಸ್ಪಷ್ಟವಾಗಿ ಮುಂದಿಡುವುದು. ಇಂಥ ಜನಪ್ರಿಯ ಕೃತಿಗಳನ್ನು ಪಂಡಿತರು ಗಣನೆಗೆ ತೆಗೆದುಕೊಳ್ಳುವುದು ವಿರಳ. ಆದರೂ ಕರ್ತೃವೂ ವಾಚಕನೂ ನೇರವಾಗಿ ಎದುರುಬದುರು ನಿಂತು ವಾದಿಸಿದ ಪ್ರಸಂಗಗಳು ಅಪೂರ್ವವಾದುದರಿಂದ ಇದು ವಿಚಾರಾರ್ಹವಾಗಿದೆ.

ಮೊದಲು ‘ವ್ಯಾಂಪೈರ್’ ಎಂಬ ಶಬ್ದದ ವಿಷಯ. ಸತ್ತ ಮೇಲೂ ಗೋರಿಯಿಂದೆದ್ದು ಬದುಕಿರುವವರ ರಕ್ತವನ್ನು ಹೀರಿ ಬಾಳುವ ಯೂರೋಪಿನ ಐತಿಹ್ಯದ ಜೀವಿಗೆ ಈ ಹೆಸರು. ಕನ್ನಡದಲ್ಲಿ ರಕ್ತಪಾಯಿ ಎನ್ನಬಹುದು. ರಿಚರ್ಡ್ ಬರ್ಟನ್ನನು 1870ರಲ್ಲಿ ವಿಕ್ರಮ–ಬೇತಾಳರ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಬೇತಾಳನನ್ನು ಈ ಹೆಸರಿನಿಂದಲೇ ಕರೆದನು. ಈ ಸಮೀಕರಣವು ಸರಿಯಲ್ಲ. ಬೇತಾಳನು ಶವದಲ್ಲಿ ನೆಲಸುವ ಭೂತವೇ ಹೊರತು ರಕ್ತದಿಂದ ಜೀವಿಸುವವನಲ್ಲ. ಅವನ ಮುಖ್ಯ ಲಕ್ಷಣ ಕಥೆ ಹೇಳುವುದು, ಹೇಳಿ ಕೇಳುಗನಿಂದ ತೀರ್ಪನ್ನು ಬೇಡುವುದು. ಉತ್ತರ ತಿಳಿದೂ ಅರಸನು ಸುಮ್ಮನಿದ್ದರೆ ಅವನ ತಲೆ ಸಿಡಿಯುವುದು. ಉತ್ತರವಿತ್ತರೆ ಬೇತಾಳನು ಮರಳಿ ಮರವನ್ನೇರುವನು. ಕಥೆಯ ಮುಂದುವರಿಕೆಗೆ ಕೇಳುಗನ ತೀರ್ಪೇ ಕಾರಣವಾಗುವ ಈ ಏರ್ಪಾಡು ಪ್ರಕೃತ ವಿಚಾರಕ್ಕೆ ಉಪಯುಕ್ತವಾದುದು.

ಯೂರೋಪಿನ ರಕ್ತಪಾಯಿಯಾದರೋ ಬಹುಕಾಲ ತನ್ನ ಕಥೆಯನ್ನು ತಾನೇ ಹೇಳಿದವನಲ್ಲ. 1897ರಲ್ಲಿ ಬ್ರಾಮ್ ಸ್ಟೋಕರನು ಪ್ರಕಟಿಸಿದ ‘ಡ್ರಾಕುಲಾ’ದಲ್ಲಿ ಅವನನ್ನು ಬೇಟೆಯಾಡುವವರ ದಿನಚರಿಗಳೂ ಪತ್ರಗಳೂ ಇವೆ; ಅವನದೇ ಆದ ಕಥನವಿಲ್ಲ. ಆನ್ ರೈಸ್ ಅವರು 1976ರಲ್ಲಿ ‘ಇಂಟರ್‌ವ್ಯೂ ವಿತ್ ದಿ ವ್ಯಾಂಪೈರ್’ ಕೃತಿಯಲ್ಲಿ ಆ ಮೂಕನಿಗೆ ಬಾಯನ್ನಿತ್ತರು. ಲೂಯಿಸಿಯಾನದ ತೋಟದೊಡೆಯನಾಗಿದ್ದು 1791ರಲ್ಲಿ ರಕ್ತಪಾಯಿಯಾದ ಲೂಯಿ ಎಂಬವನು ಸ್ಯಾನ್ ಫ್ರಾನ್ಸಿಸ್ಕೋ ನಗರದ ಒಂದು ಕೋಣೆಯಲ್ಲಿ ಕುಳಿತು, ಧ್ವನಿಮುದ್ರಣ ಯಂತ್ರವನ್ನು ಮುಂದಿಟ್ಟುಕೊಂಡ ತರುಣನೊಬ್ಬನಿಗೆ ತನ್ನ ಇಡಿಯ ಬಾಳನ್ನು ನಿವೇದಿಸುವನು. ಎಂದೆಂದಿಗೂ ಮಗುವಿನ ದೇಹದಲ್ಲಿಯೇ ಉಳಿದ ಕ್ಲಾಡಿಯಾಳ ದುರಂತವೇ ಆ ಕಥೆಯ ಹೃದಯ. ಗ್ರಂಥಕರ್ತ್ರಿಯ ಮಗಳು ಆರು ವರ್ಷ ತುಂಬುವ ಮೊದಲೇ 1972ರಲ್ಲಿ ರಕ್ತದ ಅರ್ಬುದದಿಂದ ತೀರಿಕೊಂಡಿದ್ದಳೆಂಬುದನ್ನು ತಿಳಿದವರಿಗೆ ಆ ಪಾತ್ರದ ಕರುಣವು ಇಮ್ಮಡಿಯಾಗುವುದು.

ಆದರೆ ಆ ಕಾದಂಬರಿಯಲ್ಲಿ ವಿಮರ್ಶಕರು ವಿಶೇಷವಾಗಿ ಲಕ್ಷಿಸಬೇಕಾದುದು ಅದರ ಮುಕ್ತಾಯ. ದುಃಖದ ಕಥೆಯನ್ನೆಲ್ಲ ಕೇಳಿ ಮುಗಿಸಿದ ತರುಣನು ತನ್ನನ್ನೂ ರಕ್ತಪಾಯಿಯನ್ನಾಗಿ ಮಾಡೆಂದು ಬೇಡುವನು. ಹೇಳಿದವನ ಅಭಿಪ್ರಾಯವೊಂದು, ಕೇಳಿದವನು ಗ್ರಹಿಸಿದುದು ಮತ್ತೊಂದು. ಲೂಯಿಗೆ ತನ್ನ ಮಾತು ವ್ಯರ್ಥವಾಯಿತೆಂದು ಕೋಪ ಬರುವುದು. 1985ರ ಎರಡನೆಯ ಸಂಪುಟವಾದ ‘ದಿ ವ್ಯಾಂಪೈರ್ ಲೆಸ್ಟಾಟ್’ ಈ ಎಳೆಯನ್ನು ಮತ್ತಷ್ಟು ಮುಂದಕ್ಕೆ ಒಯ್ಯುವುದು. ಮೊದಲ ಸಂಪುಟದಲ್ಲಿ ಖಳನಂತೆ ತೋರಿದ ಲೆಸ್ಟಾಟನು ಲೂಯಿಯ ಪುಸ್ತಕವನ್ನು ತಾನೇ ಓದಿ, ಅದರಲ್ಲಿ ತನಗೆ ಅನ್ಯಾಯವಾಗಿದೆಯೆಂದು ಬಗೆದು, ಪ್ರತಿಯಾಗಿ ತನ್ನ ಆತ್ಮಕಥೆಯನ್ನು ಬರೆಯುವನು. ಎಂದರೆ ಈ ಮಾಲೆಯ ಅತ್ಯಂತ ಪ್ರಿಯನಾದ ನಾಯಕನು ಮಾಲೆಯೊಳಗೇ ಇರುವ ಅತೃಪ್ತ ವಾಚಕ! ಮಾಲೆಗೆ ಮುಂದುವರಿಕೆ ದೊರೆತದ್ದೇ ಆ ಅತೃಪ್ತಿಯಿಂದ. ಓದಿದ ಕಥೆಯನ್ನು ಪ್ರಶ್ನಿಸುವ ಹಕ್ಕನ್ನು ವಾಚಕರಿಗೆ ಕಲಿಸಿಕೊಟ್ಟುದು ಈ ಎರಡು ಸಂಪುಟಗಳೇ ಎಂದರೆ ತಪ್ಪಾಗದು.

ಮುಂದೆ ಸಂಪುಟಗಳು ಒಂದರ ಹಿಂದೊಂದು ಬಂದವು. 1995ರ ‘ಮೆಮ್ನಾಕ್ ದಿ ಡೆವಿಲ್’ ಐದನೆಯದು. ಅದರಲ್ಲಿ ಸೈತಾನನು ಲೆಸ್ಟಾಟನನ್ನು ಸ್ವರ್ಗನರಕಗಳಿಗೆ ಕರೆದೊಯ್ಯುವನು. ಶಿಲುಬೆಯನ್ನು ಹೊತ್ತು ನಡೆಯುವ ಕ್ರಿಸ್ತನನ್ನು ಅವನು ಕಾಣುವನು. ದೇವರು, ಪಾಪ, ದುಃಖ ಇವುಗಳ ದೀರ್ಘ ಚರ್ಚೆಯೇ ಪ್ರಧಾನವಾದ ಈ ಸಂಪುಟವು ಹಲವು ವಾಚಕರಿಗೆ ರುಚಿಸಲಿಲ್ಲ. ಆ ಬಳಿಕ, 2000ದಿಂದಾಚೆಗೆ, ‘ಮೇಫೇರ್’ ಮಾಟಗಾತಿಯರನ್ನು ಕುರಿತ ತಮ್ಮ ಮತ್ತೊಂದು ಮಾಲೆಯ ಪಾತ್ರಗಳನ್ನು ರೈಸ್ ಅವರು ಇದರೊಡನೆ ಬೆರೆಸತೊಡಗಿದರು. ಅದೇ ವರ್ಷ, ತಮ್ಮ ಪಾತ್ರಗಳನ್ನು ಬಳಸಿ ಅಭಿಮಾನಿಗಳು ಸ್ವಂತ ಕಥೆಗಳನ್ನು ಬರೆದು ಹಂಚುವುದನ್ನು ಒಪ್ಪುವುದಿಲ್ಲವೆಂದೂ ಪ್ರಕಟಿಸಿದರು. ಲೆಸ್ಟಾಟನು ಮಾಡಿದಂತೆ ಪ್ರತಿಕಥೆಯನ್ನು ಬರೆಯುವ ದಾರಿ ಹೀಗೆ ಮುಚ್ಚಿದ ಮೇಲೆ, ಅತೃಪ್ತನಿಗೆ ಉಳಿದುದು ಆಕ್ಷೇಪಣೆಯೊಂದೇ.

‘ಬ್ಲಡ್ ಕ್ಯಾಂಟಿಕಲ್’ ಹತ್ತನೆಯ ಸಂಪುಟ, 2003ರಲ್ಲಿ ಹೊರಬಂದಿತು. ಸಾವಿನ ಅಂಚಿನಲ್ಲಿರುವ ಮೋನಾ ಮೇಫೇರ್ ಎಂಬ ತರುಣಿಯನ್ನು ಲೆಸ್ಟಾಟನು ರಕ್ತಪಾಯಿಯನ್ನಾಗಿ ಮಾಡುವುದು, ಅವಳಿಗೆ ಹುಟ್ಟಿ ಕಣ್ಮರೆಯಾದ ಮಾನವೇತರ ‘ಟಾಲ್ಟೋಸ್’ ಕುಲದ ಮಗುವನ್ನು ಅರಸುವುದು, ವೈದ್ಯೆಯಾದ ರೋವನ್ ಮೇಫೇರಳಲ್ಲಿ ಅವನಿಗೆ ಅನುರಾಗವುಂಟಾಗುವುದು — ಇವು ಕಥೆಯ ಮುಖ್ಯ ಘಟ್ಟಗಳು. ಆದರೆ ಕಥೆಗೆ ಮುನ್ನ ಲೆಸ್ಟಾಟನು ವಾಚಕರನ್ನೇ ಸಂಬೋಧಿಸಿ, ತಾನು ಸಂತನಾಗಬಯಸುವೆನೆಂದು ಸಾರುವನು. ‘ಮೆಮ್ನಾಕ್’ ಸಂಪುಟವನ್ನು ಅವರು ಆದರಿಸಲಿಲ್ಲವೆಂದು ಅವರನ್ನು ತರಾಟೆಗೆ ತೆಗೆದುಕೊಳ್ಳುವನು.

ವಾಚಕರಿಂದ ಬಂದ ಆಕ್ಷೇಪಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಪಾತ್ರಕ್ಕೆ ಸಂಬಂಧಿಸಿದುದು ಮೊದಲನೆಯದು: ಉದ್ಧತನೂ ವಿಲಾಸಿಯೂ ಆದ ಲೆಸ್ಟಾಟನಿಗೆ ಸಂತತ್ವದ ಹಂಬಲವೆಲ್ಲಿಯದು? ಎರಡನೆಯದು ಶೈಲಿಯದು: ಹದಿನೆಂಟನೆಯ ಶತಮಾನದ ಫ್ರೆಂಚ್ ಕುಲೀನನು ಬೀದಿಯ ಹೊಸ ಆಡುಮಾತುಗಳನ್ನು ಆಡುವುದೇಕೆ? ಕಥೆಯ ಬಂಧವು ಸಡಿಲವಾಗಿರುವಾಗ ಸಂಪಾದಕರು ಏಕೆ ತಿದ್ದಲಿಲ್ಲ? ಮೂರನೆಯದು ಗ್ರಂಥಕರ್ತ್ರಿಯ ಸ್ವಂತ ಜೀವನವನ್ನು ಹಿಡಿದುದು. ಅವರು 1998ರಲ್ಲಿ ಕ್ಯಾಥೊಲಿಕ್ ಮತಕ್ಕೆ ಹಿಂದಿರುಗಿದುದನ್ನೂ, 2002ರ ಡಿಸೆಂಬರಿನಲ್ಲಿ ಪತಿಯನ್ನು ಕಳೆದುಕೊಂಡುದನ್ನೂ ಕಾರಣಗಳನ್ನಾಗಿ ಎತ್ತಿ ಆಡಿದವರುಂಟು. ಈ ಮೂರನೆಯ ಬಗೆಯನ್ನು ವಿಮರ್ಶೆಯೆನ್ನಲಾಗದು. ಕರ್ತೃವಿನ ಶೋಕವನ್ನು ಕೃತಿಯ ದೋಷಕ್ಕೆ ಸಾಕ್ಷಿಯಾಗಿ ಕರೆಯುವುದು ತರ್ಕಕ್ಕೂ ಹೊಂದದು, ಸೌಜನ್ಯಕ್ಕೂ ಹೊಂದದು.

2004ರ ಸೆಪ್ಟೆಂಬರಿನಲ್ಲಿ ರೈಸ್ ಅವರು, ಈ ಆಕ್ಷೇಪಗಳು ಪ್ರಕಟವಾಗಿದ್ದ ಅಮೆಜಾನ್ ಪುಸ್ತಕವ್ಯಾಪಾರ ಸಂಸ್ಥೆಯ ವಾಚಕಾಭಿಪ್ರಾಯದ ಪುಟದಲ್ಲಿಯೇ ದೀರ್ಘವಾದ ಉತ್ತರವನ್ನು ಬರೆದರು. ಆಕ್ಷೇಪಿಸಿದವರು ಕೃತಿಯನ್ನು ತಪ್ಪು ದೃಷ್ಟಿಯಿಂದ ನೋಡಿರುವರೆಂದೂ, ಸಂಪಾದಕರ ಕೈಗೆ ಸಿಕ್ಕದ ಸ್ಥಾನವನ್ನು ತಾವು ಹೋರಾಡಿ ಪಡೆದಿರುವುದಾಗಿಯೂ, ಅದನ್ನು ಬಿಟ್ಟುಕೊಡುವುದಿಲ್ಲವೆಂದೂ ಅದರ ತಾತ್ಪರ್ಯ. ಒಪ್ಪದವರು ಪುಸ್ತಕವನ್ನು ತಮ್ಮ ನ್ಯೂ ಆರ್ಲಿಯನ್ಸ್ ವಿಳಾಸಕ್ಕೆ ಕಳುಹಿಸಿದರೆ ಹಣವನ್ನು ಹಿಂದಿರುಗಿಸುವುದಾಗಿಯೂ ತಿಳಿಸಿದರು.

ಗ್ರಂಥಕರ್ತ್ರಿಯ ಪಕ್ಷದಲ್ಲಿ ಹೇಳಬಹುದಾದುದು ಬಹಳವಿದೆ. ಅಭಿಮಾನಿಯು ಹೆಚ್ಚಾಗಿ ಬಯಸುವುದು ತಾನು ಹಿಂದೆ ಸವಿದ ರುಚಿಯನ್ನೇ. ಅದಕ್ಕೆ ತಲೆಬಾಗಿದ ಕವಿಯ ಪ್ರತಿಭೆಯು ಅಲ್ಲಿಗೇ ನಿಲ್ಲುವುದು. ಕಾನನ್ ಡಾಯ್ಲನು 1893ರಲ್ಲಿ ಷರ್ಲಾಕ್ ಹೋಮ್ಸನ ಕಥೆಗೆ ಮರಣದ ಮಂಗಳ ಹಾಡಿದಾಗಲೂ ವಾಚಕರು ಒಪ್ಪಲಿಲ್ಲ. 1903ರಲ್ಲಿ ನಾಯಕನು ಬದುಕಿಯೇ ಇದ್ದನೆಂದು ಅವನು ಬರೆಯಬೇಕಾಯಿತು. ವಾಚಕರು ಗೆದ್ದರು, ಕರ್ತೃವಿನ ಸ್ವಾತಂತ್ರ್ಯ ಗೆದ್ದಿತೆಂದು ಹೇಳಲಾಗದು. ರೈಸ್ ಅವರಾದರೋ ಬಾಗಲಿಲ್ಲ. ಇದರಲ್ಲಿ ಒಂದು ಧೈರ್ಯವಿದೆಯೆಂಬುದನ್ನು ಒಪ್ಪಲೇಬೇಕು.

ಮೇಲಾಗಿ, ಮೊದಲ ಎರಡು ಆಕ್ಷೇಪಗಳಿಗೆ ಹಳೆಯ ಸಂಪುಟಗಳಲ್ಲಿಯೇ ಸಮಾಧಾನವುಂಟು. 1985ರ ಸಂಪುಟದ ಪ್ರಕಾರ ಓವರ್ನ್ ಪ್ರಾಂತದ ಬಡ ಕುಲೀನನ ಮಗನಾದ ಲೆಸ್ಟಾಟನು ಬಾಲ್ಯದಲ್ಲಿ ಸಂನ್ಯಾಸಿಯಾಗಬಯಸಿ ಮಠದಲ್ಲಿದ್ದವನು. ಮನೆಯವರು ಅವನನ್ನು ಅಲ್ಲಿಂದ ಎಳೆತಂದರು. ರಕ್ತಪಾಯಿಯಾದ ಮೇಲೂ ದುಷ್ಟರನ್ನು ಮಾತ್ರವೇ ಕೊಲ್ಲುವೆನೆಂದು ಅವನು ನಿಯಮ ಮಾಡಿಕೊಳ್ಳುವನು. ಸಂತತ್ವದ ಹಂಬಲವು ಅವನಿಗೆ ಹೊಸದಲ್ಲ. ಬಿತ್ತಿದ ಬೀಜದ ಫಲವೇ ಸರಿ. ಆಡುಮಾತಿನ ವಿಷಯವೂ ಹೀಗೆಯೇ. ತನ್ನ ಇಂಗ್ಲಿಷು ಮಿಸಿಸಿಪ್ಪಿ ನದಿಯ ದೋಣಿಗರಿಂದಲೂ ಪತ್ತೇದಾರಿ ಕಥೆಗಳಿಂದಲೂ ಕಲಿತ ಮಿಶ್ರಭಾಷೆಯೆಂದು ಅವನು ಆ ಸಂಪುಟದ ಮೊದಲಲ್ಲಿಯೇ ಒಪ್ಪಿಕೊಂಡಿರುವನು.

ಹಾಗಾದರೆ ವಾಚಕರ ಆಕ್ಷೇಪವು ನಿರಾಧಾರವೋ? ಹಾಗೆ ತೀರ್ಮಾನಿಸುವುದು ಅವಸರವಾಗುವುದು. ನೋವುಂಟೆಂದು ಹೇಳುವ ರೋಗಿಯು ಅದರ ಮೂಲವನ್ನು ತಪ್ಪಾಗಿ ತೋರಿಸಬಹುದು. ಅಷ್ಟರಿಂದ ನೋವು ಸುಳ್ಳಾಗದು. 1985ರಲ್ಲಿ ಒಪ್ಪಿದ ಅದೇ ಆಡುಮಾತು 2003ರಲ್ಲಿ ಏಕೆ ಒಪ್ಪದಾಯಿತು? ಎರಡು ಸಂಪುಟಗಳ ಪೀಠಿಕೆಗಳನ್ನು ಹೋಲಿಸಿದರೆ ಕಾರಣವು ಹೊಳೆಯುವುದು. ಮೊದಲನೆಯದರಲ್ಲಿ ಲೆಸ್ಟಾಟನು ತನ್ನ ಭಾಷೆ ಏಕೆ ಹೀಗಿದೆಯೆಂದು ಕೇಳುಗನಿಗೆ ವಿವರಿಸುವನು. ಅವನ ಜಂಬದಲ್ಲಿಯೂ ಒಂದು ಉಪಚಾರವಿದೆ, ಬಾ ಕುಳಿತುಕೋ ಎಂಬ ಕರೆಯಿದೆ. ಎರಡನೆಯದರಲ್ಲಿ ಅವನು ಕೇಳುಗನನ್ನು ಬಾಗಿಲಲ್ಲಿಯೇ ನಿಲ್ಲಿಸಿ, ಹಿಂದಿನ ಸಲ ನೀನು ಸರಿಯಾಗಿ ಕೇಳಲಿಲ್ಲವೆಂದು ಗದರಿಸುವನು. ಹತ್ತು ಸಂಪುಟಗಳ ಈ ಮಾಲೆಯ ತಿರುಳೇ ನಿವೇದನೆ; ನಿವೇದನೆಗೆ ಕೇಳುವ ಕಿವಿಯೊಂದು ಬೇಕು. ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿ ಕಾವ್ಯದ ಜೀವವೆಂದು ಎತ್ತಿಹಿಡಿದ ಔಚಿತ್ಯವನ್ನು ಇಲ್ಲಿಗೆ ಅನ್ವಯಿಸಿದರೆ, ದೋಷವಿರುವುದು ಪಾತ್ರದ ಹಂಬಲದಲ್ಲಿಯೂ ಅಲ್ಲ, ಪದಪ್ರಯೋಗದಲ್ಲಿಯೂ ಅಲ್ಲ; ಕಥಕನು ಕೇಳುಗನೊಡನೆ ಇಟ್ಟುಕೊಂಡ ಸಂಬಂಧದಲ್ಲಿ. ಅದು ಕೆಟ್ಟ ಮೇಲೆ, ಹಿಂದೆ ಸೊಗಸಾಗಿದ್ದ ಆಡುಮಾತೂ ಒರಟಾಗಿ ಕೇಳಿಸಿತು. ಹಿಂದೆ ಕರುಣವಾಗಿದ್ದ ಧರ್ಮಜಿಜ್ಞಾಸೆಯೂ ಬೋಧನೆಯಾಗಿ ತೋರಿತು.

ಪೀಠಿಕೆಯಲ್ಲಿ ಗದರಿಸಿದವನು ಲೆಸ್ಟಾಟನೇ ಹೊರತು ಕರ್ತೃವಲ್ಲ, ಅದು ಪಾತ್ರದ ಉದ್ಧಟತನಕ್ಕೆ ತಕ್ಕುದೇ ಆಗಿದೆಯೆಂದು ವಾದಿಸಬಹುದು. ಕೃತಿಯೊಂದನ್ನೇ ನೋಡಿದರೆ ಈ ವಾದಕ್ಕೆ ಬಲವಿದ್ದಿತು. ಆದರೆ 2004ರ ಉತ್ತರದಲ್ಲಿ ಗ್ರಂಥಕರ್ತ್ರಿಯೂ ಅದೇ ಧ್ವನಿಯಲ್ಲಿ ಮಾತನಾಡಿದರು. ಪಾತ್ರದ ಮುಖವಾಡವು ಹೀಗೆ ಕಳಚಿಬಿದ್ದಿತು. ವಾಚಕರು ಹೆಸರಿಸಿದ ದೋಷಗಳನ್ನು ಅವರು ನಿರಾಕರಿಸಿದರು. ಹೆಸರಿಸಲಾರದೆ ಅನುಭವಿಸಿದ ದೋಷವನ್ನು ಪುನರುಕ್ತಿ ಮಾಡಿದರು. ಸಂಪಾದಕನೆಂಬವನು ಗ್ರಂಥದ ಮೊದಲ ಕೇಳುಗ. ಅವನನ್ನು ದೂರವಿರಿಸಿದ ಕೃತಿಯಲ್ಲಿ ಉಳಿದ ಕೇಳುಗರಿಗೂ ಸ್ಥಳ ಸಾಲದಾದುದು ಆಶ್ಚರ್ಯವಲ್ಲ.

ಇದೇ ಗ್ರಂಥಕರ್ತ್ರಿಯು ಹತ್ತು ವರ್ಷಗಳ ಹಿಂದೆ ತೋರಿದ ನಡತೆಯನ್ನು ಇಲ್ಲಿ ಸ್ಮರಿಸಬೇಕು. ಮೊದಲ ಕಾದಂಬರಿಯ ಚಲಚ್ಚಿತ್ರದಲ್ಲಿ ಲೆಸ್ಟಾಟನ ಪಾತ್ರಕ್ಕೆ ಟಾಮ್ ಕ್ರೂಸನನ್ನು ಆರಿಸಿದಾಗ ಅವರು ತೀವ್ರವಾಗಿ ವಿರೋಧಿಸಿದರು. 1994ರಲ್ಲಿ ಚಿತ್ರವನ್ನು ನೋಡಿದ ಮೇಲೆ ತಮ್ಮ ಅಭಿಪ್ರಾಯವು ಬದಲಾಯಿತೆಂದು ಬಹಿರಂಗವಾಗಿ ಹೇಳಿ ನಟನನ್ನು ಹೊಗಳಿದರು. ಅಂದು ಅತೃಪ್ತ ಪ್ರೇಕ್ಷಕರ ಸ್ಥಾನದಲ್ಲಿ ನಿಂತವರು ಅವರೇ. ಆ ಆಕ್ಷೇಪವು ಹುಟ್ಟಿದುದು ಪಾತ್ರದ ಮೇಲಣ ಪ್ರೀತಿಯಿಂದ. 2003ರ ವಾಚಕರ ಆಕ್ಷೇಪಕ್ಕೂ ಬಹುಮಟ್ಟಿಗೆ ಅದೇ ಮೂಲ.

‘ಬ್ಲಡ್ ಕ್ಯಾಂಟಿಕಲ್’ ಈ ಮಾಲೆಯ ಕೊನೆಯ ಸಂಪುಟವೆಂದು ಆಗ ಭಾವಿಸಲಾಗಿತ್ತು. ಹನ್ನೊಂದು ವರ್ಷಗಳ ಮೌನದ ಬಳಿಕ, 2014ರಲ್ಲಿ ‘ಪ್ರಿನ್ಸ್ ಲೆಸ್ಟಾಟ್’ ಬಂದಿತು. 2016ರಲ್ಲಿಯೂ 2018ರಲ್ಲಿಯೂ ಮತ್ತೆರಡು ಸಂಪುಟಗಳು ಬಂದವು. ರೈಸ್ ಅವರು 2021ರ ಡಿಸೆಂಬರಿನಲ್ಲಿ ತೀರಿಕೊಂಡರು. 2014ರ ಸಂಪುಟದಲ್ಲಿ ಲೆಸ್ಟಾಟನೊಬ್ಬನ ಮಾತೇ ತುಂಬಿಲ್ಲ. ಅನೇಕ ಪಾತ್ರಗಳ ದೃಷ್ಟಿಯಿಂದ ಕಥೆ ಸಾಗುವುದು. ರಕ್ತಪಾಯಿಗಳ ಪೂರ್ವವೃತ್ತಾಂತವನ್ನೂ ಅವರ ಪರಿಭಾಷೆಯನ್ನೂ ವಿವರಿಸುವ ಟಿಪ್ಪಣಿಗಳು ಗ್ರಂಥದಲ್ಲಿ ಸೇರಿವೆ. ಮರೆತ ವಾಚಕನಿಗೆ ನೆನಪಿಸುವ, ಹೊಸ ವಾಚಕನಿಗೆ ದಾರಿ ತೋರುವ ಈ ಏರ್ಪಾಡಿನಲ್ಲಿ ಹಳೆಯ ಉಪಚಾರವು ಮರಳಿರುವುದನ್ನು ಕಾಣಬಹುದು.

ಒಟ್ಟಿನಲ್ಲಿ ಈ ಪ್ರಸಂಗದಿಂದ ಸಿದ್ಧವಾಗುವುದು ಇಷ್ಟು. ಕಥೆ ಯಾವ ಕಡೆಗೆ ಸಾಗಬೇಕೆಂದು ವಿಧಿಸುವ ಅಧಿಕಾರ ವಾಚಕನಿಗಿಲ್ಲ; ತನಗೆ ರಸಭಂಗವಾಯಿತೆಂದು ಹೇಳುವ ಅಧಿಕಾರವುಂಟು. ಅವನು ಕೊಡುವ ಕಾರಣವು ತಪ್ಪಾಗಿರಬಹುದು. ಆ ಕಾರಣವನ್ನು ಶೋಧಿಸಿ, ನಿಜವಾದ ದೋಷ ಎಲ್ಲಿದೆಯೆಂದು ತೋರಿಸುವುದು ವಿಮರ್ಶಕನ ಕೆಲಸ. ಅವನ ಅನುಭವವನ್ನೇ ತಳ್ಳಿಹಾಕುವುದು ಯಾರ ಕೆಲಸವೂ ಅಲ್ಲ. ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದವು ದೋಷಾದೋಷ ವಿಚಾರಕ್ಕೆ ಮೀಸಲಾಗಿದೆ, ದೋಷವನ್ನು ಕಾಣುವ ಕಣ್ಣು ಕಾವ್ಯಪ್ರೀತಿಗೆ ವಿರುದ್ಧವಲ್ಲವೆಂಬುದಕ್ಕೆ ಅಷ್ಟೇ ಸಾಕು. ಬರ್ಟನ್ನನು ಬೇತಾಳನನ್ನು ವ್ಯಾಂಪೈರನೆಂದು ಕರೆದುದು ತಪ್ಪು. ಆದರೆ ಬೇತಾಳನಿಗೆ ತಿಳಿದಿದ್ದ ಒಂದು ವಿಷಯವನ್ನು ಲೆಸ್ಟಾಟನು ಹತ್ತನೆಯ ಸಂಪುಟದಲ್ಲಿ ಮರೆತನು: ಅರಸನು ಬಾಯಿಬಿಟ್ಟು ತೀರ್ಪು ಹೇಳಿದುದರಿಂದಲೇ ಮುಂದಿನ ಕಥೆಗೆ ಅವಕಾಶವಾಯಿತು.