ನಾಣ್ಯಸಂಗ್ರಹ ಮತ್ತು ಪರಿಗ್ರಹ

ಹಳೆಯ ನಾಣ್ಯಗಳನ್ನು ಕೂಡಿಡುವವನನ್ನು ಸಮಾಜವು ಸಾಮಾನ್ಯವಾಗಿ ಜಿಪುಣನೆಂದೋ ಕೆಲಸವಿಲ್ಲದವನೆಂದೋ ಬಗೆಯುತ್ತದೆ. ಜೈನ ಮನೆಗಳಲ್ಲಿ ಈ ಆಕ್ಷೇಪಕ್ಕೆ ಧರ್ಮದ ಒತ್ತಾಸೆಯೂ ದೊರೆಯುತ್ತದೆ. ಪರಿಗ್ರಹ ಪರಿಮಾಣ ವ್ರತವನ್ನು ಕೈಕೊಂಡ ಶ್ರಾವಕನಿಗೆ ಸಂಗ್ರಹವೇಕೆ ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ತಳ್ಳಿಹಾಕುವಂಥದಲ್ಲ. ಆದರೆ ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ಗುರುತಿಸುವುದು ಮೂರ್ಛೆಯಲ್ಲಿ, ಅಂದರೆ ಮಮಕಾರದಲ್ಲಿ. ಆ ಅಳತೆಗೋಲನ್ನು ಹಿಡಿದರೆ, ತಾಮ್ರದ ಕಾಸುಗಳ ಡಬ್ಬಿಯನ್ನು ಕಂಡು ನಗುವವರು ಬ್ಯಾಂಕಿನ ಲಾಕರಿನಲ್ಲಿರುವ ಚಿನ್ನದ ವಿಷಯದಲ್ಲಿ ಮೌನವಾಗಿರುವುದು ವಿಚಿತ್ರವೇ ಸರಿ.

ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯಗಳ ಮೇಲೆ ‘ಶ್ರೀ ತಳಕಾಡುಗೊಂಡ’ ಎಂಬ ಕನ್ನಡ ಬರಹವಿದೆ. ಚೋಳರಿಂದ ತಲಕಾಡನ್ನು ಗೆದ್ದುದನ್ನು ಜಿನಭಕ್ತೆ ಶಾಂತಲೆಯ ಪತಿ ಹೀಗೆ ಸಾರಿದನು. ಕಲ್ಲಿನ ಶಾಸನವನ್ನು ಓದುವವನಿಗೆ ಸಲ್ಲುವ ಗೌರವ ಇದನ್ನು ಓದುವವನಿಗೇಕೆ ಸಲ್ಲದು?

ಸಂಗ್ರಾಹಕರೆಲ್ಲ ನಿರ್ದೋಷಿಗಳೆಂದು ಇದರ ಅರ್ಥವಲ್ಲ. ಭಗವಾನ್ ಮಹಾವೀರರ 2600ನೆಯ ಜನ್ಮಕಲ್ಯಾಣಕದ ಸ್ಮರಣಾರ್ಥ 2001ರಲ್ಲಿ ಹೊರಬಂದ 5 ರೂಪಾಯಿಯ ನಾಣ್ಯವನ್ನು ಬೆಲೆ ಏರಲೆಂದು ಚೀಲಗಟ್ಟಲೆ ಬಚ್ಚಿಡುವವನು ಅಪರಿಗ್ರಹವನ್ನು ಬೋಧಿಸಿದವರ ಹೆಸರಿನಲ್ಲಿಯೇ ಪರಿಗ್ರಹ ಬೆಳೆಸುತ್ತಾನೆ. ಎಲ್ಲಿಂದ ಬಂದಿತೆಂದು ವಿಚಾರಿಸದೆ ಕೊಳ್ಳುವ ಚಟ ಇನ್ನೂ ಕೆಟ್ಟದು. ಕಳವಿನ ವಸ್ತುವನ್ನು ಸ್ವೀಕರಿಸುವ ತದಾಹೃತಾದಾನವು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲೊಂದು.

ಬಸದಿಯ ಹುಂಡಿಯಲ್ಲಿ ಬಿದ್ದ ಹಳೆಯ ಕಾಸನ್ನು ಹುಣಸೆಹಣ್ಣಿನಿಂದ ಉಜ್ಜಿ ಹೊಳಪಿಸಿದರೆ ಅಕ್ಷರಗಳೇ ಸವೆಯುತ್ತವೆ. ಅದನ್ನು ತೂಕಕ್ಕೆ ಹಾಕುವ ಮೊದಲು ಆಡಳಿತ ಮಂಡಳಿಯವರು ಬಲ್ಲವರಿಗೊಮ್ಮೆ ತೋರಿಸುವುದು ಲೇಸು. ಹಲವು ಊರುಗಳಲ್ಲಿ ಅಂಥ ಬಲ್ಲವರು ನಗೆಪಾಟಲಾದ ಈ ಸಂಗ್ರಾಹಕರೇ.