ಲಲಿತಾಂಗ–ಸ್ವಯಂಪ್ರಭೆಯರ ವೃತ್ತಾಂತದಲ್ಲಿ ಆಯುಃಪ್ರಮಾಣ

ಆದಿತೀರ್ಥಂಕರನ ಭವಾವಳಿಯಲ್ಲಿ ಬರುವ ಲಲಿತಾಂಗದೇವ ಮತ್ತು ಸ್ವಯಂಪ್ರಭೆಯರ ವೃತ್ತಾಂತವು ಕನ್ನಡಿಗರಿಗೆ ಪಂಪನ ‘ಆದಿಪುರಾಣ’ದ (ಕ್ರಿ.ಶ. 941) ಮೂಲಕ ಸುಪರಿಚಿತವಾಗಿದೆ. ಪಂಪನಿಗೆ ಆಕರವಾದುದು 9ನೆಯ ಶತಮಾನದ ಜಿನಸೇನಾಚಾರ್ಯರ ಸಂಸ್ಕೃತ ಪುರಾಣ. ಈ ಪ್ರಸಂಗವನ್ನು ಭೋಗ–ವೈರಾಗ್ಯಗಳ ದ್ವಂದ್ವವೆಂದು ವಿವರಿಸಿ, ಅದರಲ್ಲಿ ಬರುವ ಪಲ್ಯ, ಸಾಗರ ಮೊದಲಾದ ಕಾಲಮಾನಗಳನ್ನು ಆಗಮದ ಪರಿಭಾಷೆಯೆಂದು ಬದಿಗಿರಿಸಿಬಿಡುವುದು ಸುಲಭ. ಆದರೆ ದೀರ್ಘಾಯುಷ್ಯದ ದೇವನಿಗೂ ಮನುಷ್ಯಭವದಿಂದ ಏರಿ ಬಂದ ಹೆಣ್ಣಿಗೂ ನಡುವಣ ಈ ಪ್ರಣಯದ ಮರ್ಮವು ಆ ಲೆಕ್ಕದಲ್ಲಿಯೇ ಅಡಗಿದೆ. ಅದನ್ನು ಬಿಟ್ಟರೆ ಉಳಿಯುವುದು ಶೃಂಗಾರವರ್ಣನೆ ಮಾತ್ರ.

ಊರ್ವಶಿ–ಪುರೂರವರ ಕಥೆಯಂತಹವುಗಳಲ್ಲಿ ಅಮರತ್ವ ಒಂದು ಕಡೆ, ಮರಣ ಇನ್ನೊಂದು ಕಡೆ. ಜೈನಪುರಾಣದಲ್ಲಿ ಈ ವಿಭಾಗಕ್ಕೆ ಎಡೆಯಿಲ್ಲ. ಇಲ್ಲಿ ದೇವನೂ ಸಂಸಾರಿಯೇ. ಅವನಿಗೂ ಮರ್ತ್ಯನಿಗೂ ಇರುವ ಅಂತರ ಅಳತೆಯದು, ಜಾತಿಯದಲ್ಲ. ಲಲಿತಾಂಗನ ಆಯುಷ್ಯವನ್ನು ಸಾಗರದಿಂದ ಅಳೆದರೆ ಅವನ ದೇವಿಯರ ಆಯುಷ್ಯವನ್ನು ಪಲ್ಯದಿಂದ ಅಳೆಯಲಾಗುತ್ತದೆ. ಹತ್ತು ಕೋಟಿಕೋಟಿ ಪಲ್ಯಗಳು ಸೇರಿದರೆ ಒಂದು ಸಾಗರ. ಆದುದರಿಂದ ಅವನ ಒಂದು ಬಾಳಿನೊಳಗೆ ಅಸಂಖ್ಯ ದೇವಿಯರು ಹುಟ್ಟಿ ಅಳಿದರು. ಜಿನಸೇನರು ‘ಸಾಗರ’ವೆಂಬ ಮಾನಪದವನ್ನೇ ಕಡಲಾಗಿಸಿ, ದೇವಿಯರನ್ನು ಅದರಲ್ಲಿ ಎದ್ದಡಗುವ ಅಲೆಗಳಿಗೆ ಹೋಲಿಸುತ್ತಾರೆ. ಲೆಕ್ಕವು ಕಾವ್ಯವಾಗುವ ಎಡೆ ಇದು. ಆ ಅಲೆಗಳಲ್ಲಿ ಯಾವುದಕ್ಕಾಗಿಯೂ ಲಲಿತಾಂಗನು ಶೋಕಿಸಿದುದಾಗಿ ಕಥೆ ಹೇಳುವುದಿಲ್ಲ.

ಸ್ವಯಂಪ್ರಭೆ ಬರುವುದು ಅವನ ಆಯುಷ್ಯದಲ್ಲಿ ಕೆಲವೇ ಪಲ್ಯಗಳು ಉಳಿದಿರುವಾಗ. ಹಿಂದಿನ ಭವದಲ್ಲಿ ಆಕೆ ನಿರ್ನಾಮಿಕೆ, ಬಡತನದ ಬಾಲೆ. ಅಂಬರತಿಲಕಪರ್ವತದಲ್ಲಿ ಪಿಹಿತಾಸ್ರವಮುನಿಯನ್ನು ಕಂಡು, 63 ಉಪವಾಸಗಳ ಜಿನಗುಣಸಂಪತ್ತಿ ಮತ್ತು 158 ಉಪವಾಸಗಳ ಶ್ರುತಜ್ಞಾನ ನೋಂಪಿಗಳನ್ನು ಆಚರಿಸಿ ಈಶಾನಕಲ್ಪಕ್ಕೇರಿದವಳು. ಮಾನುಷ ಗಣನೆಯಲ್ಲಿ ಆ ಕೆಲವು ಪಲ್ಯಗಳೂ ಎಣಿಕೆಗೆ ಮೀರಿದ ಕಾಲವೇ. ಸಾಗರದ ಮುಂದೆ ಅದು ಸಂಜೆಯ ಹೊತ್ತು. ದೀರ್ಘಾಯುಷ್ಯವು ಲಲಿತಾಂಗನಿಗೆ ನೀಡದ ಅನುರಾಗವನ್ನು ಅದರ ಅಂತ್ಯವು ನೀಡಿತು. ಕೊರಳ ಮಾಲೆ ಬಾಡಿ, ಆಭರಣದ ಕಾಂತಿ ಕುಂದಿದಾಗ ದೇವನೇ ಮರ್ತ್ಯನ ಸ್ಥಾನಕ್ಕೆ ಇಳಿಯುತ್ತಾನೆ. ಅಗಲಿಕೆಯನ್ನು ಉಳಿದು ಅನುಭವಿಸುವವಳು ಸ್ವಯಂಪ್ರಭೆ.

ಚಂಪುವಿನ ಗದ್ಯದಲ್ಲಿ ಬರುವ ಸಂಖ್ಯಾಪದಕ್ಕೆ ಛಂದಸ್ಸಿನ ಕಾವಲಿರುವುದಿಲ್ಲ. ಲಿಪಿಕಾರನ ಕೈತಪ್ಪಿ ‘ಪಲ್ಯ’ವಿರಬೇಕಾದಲ್ಲಿ ‘ಸಾಗರ’ವೆಂದಾದರೆ ವಾಕ್ಯ ಕೆಡುವುದಿಲ್ಲ, ಕಥೆ ಕೆಡುತ್ತದೆ. ಗ್ರಂಥಸಂಪಾದಕನು ಇಂತಹ ಪಾಠಗಳನ್ನು ಗೌಣವೆಂದೆಣಿಸಲಾಗದು.

12ನೆಯ ಶತಮಾನದ ಹೇಮಚಂದ್ರಾಚಾರ್ಯರ ‘ತ್ರಿಷಷ್ಟಿಶಲಾಕಾಪುರುಷಚರಿತ’ದೊಡನೆ ಹೋಲಿಸಿದಾಗ ಈ ಮಾತು ಸ್ಪಷ್ಟವಾಗುತ್ತದೆ. ಶ್ವೇತಾಂಬರ ಪರಂಪರೆಯ ಈ ಕೃತಿಯಲ್ಲಿ ಮೊದಲು ಚ್ಯುತಳಾಗುವವಳು ಸ್ವಯಂಪ್ರಭೆ. ಶೋಕಾಕುಲನಾದ ಲಲಿತಾಂಗನಿಗೆ ಮಿತ್ರನು, ಅನಶನದಲ್ಲಿರುವ ನಿರ್ನಾಮಿಕೆಗೆ ಕಾಣಿಸಿಕೊಳ್ಳುವಂತೆ ಸೂಚಿಸುತ್ತಾನೆ. ದೇವನು ಇಳಿದು ಬಂದು ರೂಪವನ್ನು ತೋರುತ್ತಾನೆ. ಆಕೆ ಅವನಲ್ಲಿ ಮನಸ್ಸಿಟ್ಟು ಮಡಿದು ಮತ್ತೆ ಸ್ವಯಂಪ್ರಭೆಯಾಗುತ್ತಾಳೆ. ದೇವ–ಮಾನುಷಿಯರ ಪ್ರಣಯವೆಂಬ ಮಾತು ಅಕ್ಷರಶಃ ಸಲ್ಲುವುದು ಇಲ್ಲಿಯೇ. ಕಥನದ ದೃಷ್ಟಿಯಿಂದ ಇದು ಹೃದಯಂಗಮವಾದ ಸನ್ನಿವೇಶ. ಆದರೆ ವ್ರತಿಯು ನಿಶ್ಶಲ್ಯನಾಗಿರಬೇಕೆಂಬುದೂ, ಫಲಾಪೇಕ್ಷೆಯ ನಿದಾನವು ಮೂರು ಶಲ್ಯಗಳಲ್ಲೊಂದೆಂಬುದೂ ಉಭಯ ಪರಂಪರೆಗಳಿಗೂ ಸಮ್ಮತ. ದೇವನ ವಿರಹವು ಮರ್ತ್ಯಳ ಅಂತ್ಯಕಾಲದ ತಪಸ್ಸಿನೊಳಗೆ ಬಯಕೆಯನ್ನು ಬಿತ್ತಿತೆಂಬ ಕಸಿವಿಸಿ ಓದುಗನಲ್ಲಿ ಉಳಿಯುತ್ತದೆ. ಜಿನಸೇನರಲ್ಲಿ ನಿರ್ನಾಮಿಕೆಯ ನೋಂಪಿಯ ಮೇಲೆ ಯಾವ ದೇವನ ನೆರಳೂ ಬೀಳುವುದಿಲ್ಲ. ಆಕೆ ಸ್ವರ್ಗವನ್ನು ಪಡೆದುದು ತನ್ನ ವ್ರತದಿಂದ. ಪ್ರೀತಿ ಒದಗಿದುದು ಆಮೇಲೆ. ಪಂಪನು ಅನುಸರಿಸಿದುದು ಈ ದಾರಿಯನ್ನೇ.

ಮನುಷ್ಯಲೋಕದಲ್ಲಿ ಸ್ವಯಂಪ್ರಭೆ ಪುಂಡರೀಕಿಣಿಯ ಶ್ರೀಮತಿಯಾಗಿ, ಲಲಿತಾಂಗನು ವಜ್ರಜಂಘನಾಗಿ ಹುಟ್ಟುತ್ತಾರೆ. ಸಾಗರದಷ್ಟು ಬಾಳಿದವನ ನೆನಪನ್ನು ಅಲ್ಪಾಯುವಾದ ಕನ್ಯೆ ಒಂದು ಚಿತ್ರಪಟದಲ್ಲಿ ಹಿಡಿಯುತ್ತಾಳೆ. ಪಂಡಿತೆಯೆಂಬ ದಾದಿ ಅದನ್ನು ಜಿನಾಲಯದಲ್ಲಿ ತೆರೆದಿಡುತ್ತಾಳೆ. ಜಿನಸೇನರ ವಜ್ರಜಂಘನು ಬರೆದಿರುವುದನ್ನು ಗುರುತಿಸುವುದಲ್ಲದೆ, ಬರೆಯದೆ ಬಿಟ್ಟುದನ್ನೂ ಹೇಳುತ್ತಾನೆ. ಲುಪ್ತಭಾಗವನ್ನು ತುಂಬಬಲ್ಲವನೇ ನಿಜವಾದ ಪ್ರಿಯನೆಂಬ ಈ ಕಲ್ಪನೆ ಹಸ್ತಪ್ರತಿಗಳ ಅಭ್ಯಾಸಿಗೆ ವಿಶೇಷವಾಗಿ ಹಿಡಿಸುವಂತಹುದು.

ಅವರ ಮರಣದಲ್ಲಿಯೂ ಪಾಠಾಂತರವಿದೆ. ಹೇಮಚಂದ್ರರಲ್ಲಿ ರಾಜ್ಯಲೋಭಿಯಾದ ಮಗನು ವಿಷಧೂಮದಿಂದ ಕೊಲ್ಲುತ್ತಾನೆ. ಜಿನಸೇನ–ಪಂಪರಲ್ಲಿ ಕೊಲೆಗಾರನಿಲ್ಲ; ಶಯ್ಯಾಗೃಹದ ಗವಾಕ್ಷವನ್ನು ತೆರೆಯಲು ಪರಿಚಾರಕರು ಮರೆತುದರಿಂದ ಸುಗಂಧಧೂಪದ ಹೊಗೆಯೇ ಮೃತ್ಯುವಾಗುತ್ತದೆ. ಒಮ್ಮೆ ಸಾಗರವೂ ಸಾಲದಾಗಿದ್ದ ಪ್ರೀತಿಗೆ ಈಗ ಒಂದು ರಾತ್ರಿಯ ಅಜಾಗ್ರತೆ ಸಾಕು. ಇಬ್ಬರೂ ಒಟ್ಟಿಗೆ ಅಳಿಯುವುದರಿಂದ, ಹಿಂದೆ ಆಯುಷ್ಯದ ಅಂತರ ತಂದ ಅಗಲಿಕೆ ಇಲ್ಲಿ ಮೊದಲ ಬಾರಿಗೆ ಇಲ್ಲವಾಗುತ್ತದೆ. ದೇವಲೋಕ ಕೊಡದ ಸಮತೆಯನ್ನು ಮರ್ತ್ಯಲೋಕ ಕೊಟ್ಟಿತು.

ಮುಂದಿನ ಭವಗಳಲ್ಲಿ ಈ ಜೀವಗಳು ಭೋಗಭೂಮಿಯ ದಂಪತಿಗಳಾಗಿ, ದೇವರಾಗಿ, ತಂದೆ–ಮಗನಾಗಿ ಸಾಗಿ, ಕೊನೆಗೆ ಒಂದು ವೃಷಭನಾಥನೂ ಇನ್ನೊಂದು ಹಸ್ತಿನಾಪುರದ ಶ್ರೇಯಾಂಸನೂ ಆಗುತ್ತವೆ. ಆಹಾರದಾನದ ವಿಧಿಯನ್ನು ಲೋಕವರಿಯದಿದ್ದ ಕಾಲದಲ್ಲಿ ಉಪವಾಸಿಯಾಗಿ ಬಂದ ಮುನಿಯನ್ನು ಕಂಡೊಡನೆ ಶ್ರೇಯಾಂಸನಿಗೆ, ವಜ್ರಜಂಘ–ಶ್ರೀಮತಿಯರು ಚಾರಣಮುನಿಗಳಿಗೆ ದಾನವಿತ್ತ ಭವ ನೆನಪಾಗುತ್ತದೆ, ಇಕ್ಷುರಸವನ್ನು ನೀಡುತ್ತಾನೆ. ಶ್ರೀಮತಿಯಲ್ಲಿ ಜಾತಿಸ್ಮರಣೆ ವಿರಹವನ್ನು ತಂದಿತ್ತು. ಅದೇ ಜೀವದ ಜಾತಿಸ್ಮರಣೆ ಇಲ್ಲಿ ದಾನವನ್ನು ಕಲಿಸುತ್ತದೆ. ಪ್ರೀತಿಯನ್ನು ಪುರಾಣವು ನಿರಾಕರಿಸಿತೆಂಬ ಅಭಿಪ್ರಾಯಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಆಯುಷ್ಯಗಳೆಲ್ಲ ತೀರಿದವು, ತೀರದೆ ಉಳಿದ ಪರಿಚಯವು ಒಬ್ಬನ ಹಸಿವನ್ನು ಇನ್ನೊಬ್ಬನು ಅರಿಯುವಂತೆ ಮಾಡಿತು.