ಏಳು ಕಂಬದ ಮನೆಯಾಕೆ

ಹೀಬ್ರೂ ಬೈಬಲಿನ ಜ್ಞಾನೋಕ್ತಿಗಳಲ್ಲಿ ವಿವೇಕವೇ ಹೆಣ್ಣಾಗಿ ಬಂದು ಊರಬಾಗಿಲಲ್ಲಿ ನಿಂತು ಕೂಗುತ್ತದೆ, ಸೃಷ್ಟಿಗೂ ಮುಂಚೆ ತಾನು ದೇವರ ಬಳಿ ಇದ್ದೆ ಎನ್ನುತ್ತದೆ. ಈ ಎಂಟನೇ ಅಧ್ಯಾಯವನ್ನು ಹೊಗಳದ ವಿದ್ವಾಂಸರು ಕಡಿಮೆ. ಬೆರ್ನ್‌ಹಾರ್ಡ್ ಲಾಂಗ್ ಅವಳಲ್ಲಿ ಮರೆಯಾದ ದೇವತೆಯೊಬ್ಬಳನ್ನು ಕಂಡರು. ಕ್ಲಾಡಿಯಾ ಕ್ಯಾಂಪ್ 1985ರ ತಮ್ಮ ಪುಸ್ತಕದಲ್ಲಿ, ಅರಸೊತ್ತಿಗೆ ಅಳಿದು ಮನೆಯೇ ಸಮಾಜದ ಆಧಾರವಾದ ಕಾಲದಲ್ಲಿ ಹೆಣ್ಣಿಗೆ ದಕ್ಕಿದ ಸ್ಥಾನವನ್ನು ಅವಳಲ್ಲಿ ಗುರುತಿಸಿದರು. ಸರಸ್ವತಿಯ ಪಕ್ಕ ಕೂರಿಸಿ ಕೈಮುಗಿಯುವವರು ನಮ್ಮಲ್ಲೂ ಇದ್ದಾರೆ. ಪದ್ಯದ ಕಸುವನ್ನು ಅಲ್ಲಗಳೆಯುವಂತಿಲ್ಲ. ಆದರೆ ಇದನ್ನು ಹೆಣ್ಣಿನ ಅರಿವಿಗೆ ಸಂದ ಗೌರವ ಎನ್ನುವುದು ಅತಿಯಾಯಿತು. ರೂಪ ಹೆಣ್ಣಿನದು, ಮಾತು ಮಗನಿಗೆ ಬುದ್ಧಿ ಹೇಳುವ ಅಪ್ಪನದು.

ಒಂಬತ್ತನೇ ಅಧ್ಯಾಯವನ್ನೇ ನೋಡಿ. ವಿವೇಕ ಏಳು ಕಂಬದ ಮನೆ ಕಟ್ಟಿ, ಮಾಂಸ ಬೇಯಿಸಿ, ದ್ರಾಕ್ಷಾರಸ ಬೆರೆಸಿ, ದಾಸಿಯರನ್ನು ಕಳಿಸಿ, ಊರಿನ ಎತ್ತರದ ಜಾಗದಿಂದ ಊಟಕ್ಕೆ ಕರೆಯುತ್ತಾಳೆ. ಹತ್ತು ವಚನ ದಾಟುವಷ್ಟರಲ್ಲಿ ಅವಿವೇಕವೂ ಹೆಣ್ಣಾಗಿ, ಅದೇ ಊರಿನ ಎತ್ತರದಲ್ಲಿ, ತನ್ನ ಮನೆಬಾಗಿಲಲ್ಲಿ ಕೂತು ದಾರಿಹೋಕರನ್ನು ಕರೆಯುತ್ತಾಳೆ. ನಾಲ್ಕನೇ ವಚನದಲ್ಲಿ ವಿವೇಕ ಆಡಿದ ಆಹ್ವಾನದ ಮಾತನ್ನೇ ಹದಿನಾರನೆಯದರಲ್ಲಿ ಅವಿವೇಕ ಆಡುತ್ತಾಳೆ. ಇದು ಕವಿಯ ಜಾಣ್ಮೆ, ಓದುಗನ ವಿವೇಚನೆಗೆ ಒಡ್ಡಿದ ಪರೀಕ್ಷೆ ಎಂದು ಸಮರ್ಥಿಸುವವರುಂಟು. ಪರೀಕ್ಷೆಯೇ ಆಗಿದ್ದರೆ ಉತ್ತರವನ್ನು ಓದುಗನಿಗೇ ಬಿಡಬೇಕಿತ್ತು. ಇಲ್ಲಿ ಹಾಗಾಗುವುದಿಲ್ಲ. ಕೊನೆಯ ವಚನದಲ್ಲಿ ನಿರೂಪಕನೇ ನಡುವೆ ಬಂದು, ಎರಡನೆಯವಳ ಮನೆಯಲ್ಲಿರುವವರು ಸತ್ತವರೆಂದು ತೀರ್ಪು ಕೊಡುತ್ತಾನೆ. ಎರಡು ಹೆಣ್ಣುದನಿಗಳಲ್ಲಿ ಯಾವುದನ್ನು ನಂಬಬೇಕೆಂಬುದು ಆ ದನಿಗಳಿಂದ ತಿಳಿಯುವುದಿಲ್ಲ, ಅಪ್ಪನ ಪ್ರಮಾಣಪತ್ರ ಬೇಕು. ಈ ಅಧ್ಯಾಯಗಳನ್ನು ಗಂಡಾಳಿಕೆಯ ಸಂಕಥನವೆಂದು 1989ರಲ್ಲಿ ಓದಿದ ಕ್ಯಾರಲ್ ನ್ಯೂಸಮ್ ಈ ಕಾರಣಕ್ಕೆ ಕ್ಯಾಂಪ್‌ಗಿಂತ ಸತ್ಯಕ್ಕೆ ಹತ್ತಿರವಿದ್ದಾರೆ. ಮನೆಗೆ ಮಹತ್ವ ಬಂದ ಮಾತ್ರಕ್ಕೆ ಮನೆಯಾಕೆಗೆ ನಾಲಿಗೆ ಬಂತೆಂದು ಕ್ಯಾಂಪ್ ಊಹಿಸಿಕೊಂಡಂತಿದೆ.

ಚಿನ್ನದ ವಿಷಯದಲ್ಲೂ ಇದೇ ಕತೆ. ಚಿನ್ನಕ್ಕಿಂತ ನನ್ನನ್ನು ಆರಿಸಿಕೊಳ್ಳಿ ಎನ್ನುವ ವಿವೇಕ, ಅದೇ ಎಂಟನೇ ಅಧ್ಯಾಯದಲ್ಲಿ, ನನ್ನನ್ನು ಪ್ರೀತಿಸುವವರ ಬೊಕ್ಕಸ ತುಂಬಿಸುತ್ತೇನೆ ಎಂದೂ ಮಾತು ಕೊಡುತ್ತಾಳೆ. ಇದನ್ನು ಹಟ್ಟಿಯ ಚಿನ್ನದ ಗಣಿಯ ಸೀಮೆಯಲ್ಲಿ ಕೂತು ಓದುವವರಿಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗದಿದ್ದರೆ ಅದು ನಮ್ಮ ವಿಮರ್ಶೆಯ ಮರೆವು. ಗುರುಗುಂಟಾ ಸಮೀಪದ ಅಮರೇಶ್ವರದವಳು, ಇದೇ ಲಿಂಗಸುಗೂರು ತಾಲ್ಲೂಕಿನವಳು. ಚೆಲ್ಲಿದ ಅಕ್ಕಿ ಆಯುವ ಕಾಯಕದ ಗಂಡ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದವಳು ಎಂಬುದು ಶರಣ ಪರಂಪರೆಯ ಕಥನ. ಒಬ್ಬಳು ಬೊಕ್ಕಸ ತುಂಬಿಸುವ ಆಸೆ ತೋರಿಸಿ ಶಿಷ್ಯರನ್ನು ಸೇರಿಸುತ್ತಾಳೆ, ಇನ್ನೊಬ್ಬಳಿಗೆ ಒಂದು ಹಿಡಿ ಹೆಚ್ಚುವರಿ ಅಕ್ಕಿಯೇ ಹೊರೆ. ಲಕ್ಕಮ್ಮನ ಅಂಕಿತ 'ಮಾರಯ್ಯಪ್ರಿಯ ಅಮರೇಶ್ವರಲಿಂಗ'ದಲ್ಲೂ ಗಂಡನ ಹೆಸರಿದೆಯಲ್ಲ ಎಂದು ಕೇಳಬಹುದು. ಇದೆ. ಆದರೆ ಆ ಅಂಕಿತದಡಿಯಲ್ಲೇ ಅವಳು ಆ ಗಂಡನನ್ನು ತಿದ್ದುತ್ತಾಳೆ. ಏಳು ಕಂಬದ ಮನೆಯಾಕೆ ಅಪ್ಪನ ಒಂದು ಮಾತನ್ನಾದರೂ ತಿದ್ದಿದ್ದನ್ನು ಆ ಗ್ರಂಥದಲ್ಲಿ ತೋರಿಸಲಿ.

ರೂಪಕವನ್ನು ರಕ್ತಮಾಂಸದ ಶರಣೆಯ ಪಕ್ಕ ನಿಲ್ಲಿಸುವುದು ಅನ್ಯಾಯ ಎಂಬ ಆಕ್ಷೇಪಕ್ಕೆ ಬೈಬಲೇ ಉತ್ತರ ಕೊಡುತ್ತದೆ. ಯೋಬನ ಗ್ರಂಥದ 28ನೇ ಅಧ್ಯಾಯ ಗಣಿಯ ಪದ್ಯ. ಜನವಸತಿಯಿಂದ ದೂರ ಸುರಂಗ ಕೊರೆದು, ನೇತಾಡುತ್ತ ಇಳಿದು, ಕತ್ತಲ ಅಂಚು ಮುಟ್ಟುವ ಮನುಷ್ಯರು ಅಲ್ಲಿದ್ದಾರೆ. ನೆಲದಡಿಯ ಬೆಂಕಿಯ ಪ್ರಸ್ತಾಪವನ್ನು ಕೆಲವರು ಬಂಡೆ ಕಾಯಿಸಿ ಒಡೆಯುವ ವಿಧಾನವೆಂದೇ ಓದುತ್ತಾರೆ. ಹಟ್ಟಿಯ ಪ್ರಾಚೀನ ಗಣಿಗಾರರೂ ಹಾಗೆಯೇ ಬೆಂಕಿಯಿಂದ ಕಲ್ಲು ಸೀಳಿ ಆರುನೂರು ಅಡಿಗೂ ಆಳಕ್ಕೆ ಇಳಿದಿದ್ದರು. ಇಷ್ಟೆಲ್ಲ ಬಲ್ಲ ಮನುಷ್ಯನಿಗೆ ವಿವೇಕದ ನೆಲೆ ಮಾತ್ರ ಗೊತ್ತಿಲ್ಲ ಎನ್ನುತ್ತದೆ ಪದ್ಯ. ಇಲ್ಲಿ ವಿವೇಕ ಕೂಗಿ ಕರೆಯುವುದಿಲ್ಲ, ಊಟ ಬಡಿಸುವುದಿಲ್ಲ, ಬೊಕ್ಕಸದ ಮಾತೆತ್ತುವುದಿಲ್ಲ. ಕೊನೆಯ ವಚನ ದೈವಭಯದ ಹಳೆಯ ಪಾಠಕ್ಕೆ ಮರಳಿದರೂ ಅದಕ್ಕೆ ಮುಂಚಿನ ಅರಿಯದಿರುವಿಕೆ ಅಳಿಯುವುದಿಲ್ಲ. ಹಾಗಾಗಿ ದೋಷ ರೂಪಕ ಬಳಸಿದ್ದರಲ್ಲಿಲ್ಲ, ಅದನ್ನು ಶಿಸ್ತಿನ ಕೋಲು ಮಾಡಿಕೊಂಡದ್ದರಲ್ಲಿದೆ. ಎಂಟನೇ ಅಧ್ಯಾಯಕ್ಕೆ ಸಲ್ಲುತ್ತಿರುವ ಹೊಗಳಿಕೆಯಲ್ಲಿ ಕಾವ್ಯದ ಪಾಲು ಯೋಬನ ಗಣಿಪದ್ಯಕ್ಕೂ ಹೆಣ್ಣಿನ ಅರಿವಿನ ಪಾಲು ಲಕ್ಕಮ್ಮನಿಗೂ ಸಲ್ಲಬೇಕು.